ನೀವು ಬಿಚ್ಚದೆ ಬಿಟ್ಟ ಸಂಪುಟ

ಮಾವನವರಿಗೆ,

‘ತೀರ್ಥರೂಪ’ ಎಂದು ಬರೆಯಲು ಕೈ ಬರುತ್ತಿಲ್ಲ. ನೀವಿದ್ದಾಗ ಎದುರು ನಿಂತು ಮಾತಾಡಲಾಗಲಿಲ್ಲ. ಈಗ ಬರೆದಾದರೂ ತೀರಿಸಿಕೊಳ್ಳುತ್ತೇನೆ.

ಮದುವೆಯಾಗಿ ಸದಾಶಿವ ಪೇಠದ ಈ ಮನೆಗೆ ಬಂದ ವಾರವೇ, ನೆಂಟರೆದುರು ಜೇಡವನ್ನು ಕೀಟ ಎಂದುಬಿಟ್ಟೆ. ನೀವು ಚಹಾ ಕೆಳಗಿಟ್ಟು, “ಯಾಕವಾ, ಬಿ.ಕಾಂ.ದಾಗ ಎಂಟರ ತನಕಾ ಎಣಸೂದು ಕಲಸೂದಿಲ್ಲೇನು?” ಎಂದಿರಿ. ಕಪಾಟಿನಿಂದ ಇಂಗ್ಲಿಷ್ ವಿಶ್ವಕೋಶ ತೆಗೆಸಿ, ನಿಲ್ಲಿಸಿ ಓದಿಸಿದಿರಿ. ಎಲ್ಲರೂ ನಕ್ಕರು. ನಿಮ್ಮ ಮಗ ಕೂಡ.

ನೀವು ಹೋದಮೇಲಾದರೂ ಮುಗಿಯಿತು ಅಂದುಕೊಂಡಿದ್ದೆ... ಎಲ್ಲಿ ಮುಗಿಯಿತು? ನೀವು ನೋಡದ ನಿಮ್ಮ ಮೊಮ್ಮಗಳಿಗೆ ಈಗ ಮೂರು ತಿಂಗಳು. ಮಗುವನ್ನು ಅಂಗಾತವೇ ಮಲಗಿಸಿ ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದರು. ಒಂದು ದಿನ ನಾನು ಸ್ನಾನ ಮುಗಿಸಿ ಬಂದು ನೋಡಿದರೆ ಅತ್ತೆ ಬೋರಲು ಮಲಗಿಸಿದ್ದಾರೆ, ಮುಖ ಕೌದಿಯಲ್ಲಿ ಹುದುಗಿದೆ. ತಟ್ಟನೆ ಎತ್ತಿಕೊಂಡೆ. ಅತ್ತೆ ಮಾತ್ರ, “ನಿಮ್ಮ ಮಾವನೋರ ಪುಸ್ತಕದಾಗ ಹಿಂಗs ಬರದದ. ಆ ಡಾಕ್ಟರ್ ನಿನ್ನೆ ಮೊನ್ನೆ ಹುಟ್ಟಿದಾಕಿ” ಎಂದರು. ಅಂದಿನಿಂದ ನನಗೆ ನಿದ್ದೆಯಿಲ್ಲ. ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಹಿಡಿದು...

ಕಳೆದ ವಾರ ಮಧ್ಯಾಹ್ನ ನಿಮ್ಮ ಕಪಾಟು ತೆಗೆದೆ. ವಿಶ್ವಕೋಶದಲ್ಲಿ ಹಾಗೆ ಬರೆದದ್ದು ನಿಜ, ನೀವು ಕೆಂಪು ಗೆರೆ ಎಳೆದದ್ದೂ ನಿಜ. ಆದರೆ ಮೊದಲ ಹಾಳೆಯ ಹಿಂದೆ ಅಚ್ಚಾದ ವರ್ಷವಿದೆ. ನಿಮ್ಮ ಮಗನಿಗಿಂತ ಹಳೆಯ ಪುಸ್ತಕ! ಅದನ್ನೆಂದಾದರೂ ನೋಡಿದ್ದಿರಾ? ಕೆಳಗಿನ ಸಾಲಿನಲ್ಲಿ, ತಿದ್ದುಪಡಿಗೆಂದು ವರ್ಷಾವರ್ಷ ಬರುತ್ತಿದ್ದ ಸಂಪುಟಗಳು ಪ್ಲಾಸ್ಟಿಕ್ ಸಮೇತ ಹಾಗೇ ಕೂತಿದ್ದವು. ಒಂದೊಂದರ ಪ್ಲಾಸ್ಟಿಕ್ಕನ್ನೂ ಹರಿದೆ. ಕೊನೆಯ ಪುಟಗಳ ಸೂಚಿಯಲ್ಲಿ ‘ಶಿಶು, ನಿದ್ರೆ’ ಹುಡುಕಿದೆ. ಸಿಕ್ಕಿತು: ಬೋರಲು ಮಲಗಿಸುವ ಹಳೆಯ ಸಲಹೆ ಕೈಬಿಡಲಾಗಿದೆ, ಅಂಗಾತವೇ ಮಲಗಿಸಬೇಕು. ಇಷ್ಟು ವರ್ಷ, ನಿಮ್ಮದೇ ಕಪಾಟಿನಲ್ಲಿ!

ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ. “ಇದೂ ಅವರ ಪುಸ್ತಕನs ಏನು?” ಎಂದರು.

“ಹೌದ್ರಿ ಅತ್ಯಾರ. ಬಿಚ್ಚೇ ಇಲ್ಲ.”

“ಅವರಿಗೆ ಯಾರೂ ಹೇಳಲಿಲ್ಲೇನು?”

ನಿಮಗೆ ಹೇಳುವ ಧೈರ್ಯ ಯಾರಿಗಿತ್ತು, ಮಾವನವರೇ?

ಅತ್ತೆ ತಾವೇ ಮಗುವನ್ನು ಅಂಗಾತ ಮಲಗಿಸಿದರು. ನಿಮ್ಮ ಫೋಟೋ ಕಡೆ ಒಮ್ಮೆ ನೋಡಿ, “ಹಂಗಾರ ನನಗ ಮಂದಿ ಮುಂದ ದಡ್ಡಿ ಅಂದದ್ದ್ರಾಗ ಎಷ್ಟು ಖರೆ, ಎಷ್ಟು ಸುಳ್ಳು? ತಗೀ ಹುಡುಗಿ, ನೋಡೇಬಿಡೂಣು” ಎಂದರು.

ದಿನಾ ಮಗು ಮಲಗಿದ ಮೇಲೆ ಇಬ್ಬರೂ ಆ ಸಂಪುಟ ಬಿಚ್ಚಿಕೊಂಡು ಕೂರುತ್ತೇವೆ. ನೀವಂದ ಒಂದೊಂದು ಮಾತೂ ಅವರಿಗೆ ನೆನಪಿದೆ. ಇವತ್ತಿಗೆ ನಿಮ್ಮ ನಾಲ್ಕು ತಪ್ಪು ಸಿಕ್ಕಿವೆ. ಮೊದಲನೆಯ ಸಂಪುಟವೇ ಇನ್ನೂ ಮುಗಿದಿಲ್ಲ.

ನಿಮ್ಮ ಸೊಸೆ