ಐವತ್ತೆರಡು ಮೈಕ್ರಾನಿನ ಹಾಳೆ ಮತ್ತು ಒಂದು ಸರಕಾರಿ ಹೆಬ್ಬೆರಳು

ಪ್ಲಾಸ್ಟಿಕ್ ಹಾಳೆಗಳ ದಪ್ಪ ಪರೀಕ್ಷಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯಲ್ಲಿ ಒಂದು ಹೆಬ್ಬೆರಳಿದೆ ಎಂಬ ಸಂಗತಿಯನ್ನು ಸಮಸ್ತ ನಾಗರಿಕರಿಗೆ ಈ ಮೂಲಕ ಹೆಮ್ಮೆಯಿಂದ ಸಾರುತ್ತಿದ್ದೇನೆ. ಅದು ಅಂತಿಂಥ ಹೆಬ್ಬೆರಳಲ್ಲ. ಕಳೆದ ಸೋಮವಾರ ನನ್ನ ಅಕ್ಕನ ಕಾರ್ಖಾನೆಯಲ್ಲಿ, ಕಾನೂನಿನ ಪ್ರಕಾರ ದಪ್ಪಗಿದ್ದ ಹಾಳೆಯೊಂದನ್ನು ಅದು ನಮ್ಮ ಕಣ್ಣೆದುರೇ ಕಾನೂನುಬಾಹಿರವಾಗಿ ತೆಳ್ಳಗೆ ಮಾಡಿತು. ಈ ಸಾಧನೆಯ ಫಲವಾಗಿ ಕಾರ್ಖಾನೆಗೆ ಬೀಗ ಬಿದ್ದಿದೆ, ಬೀಗದ ಮೇಲೆ ತಮ್ಮ ಅರಗಿನ ಮುದ್ರೆ ಬಿದ್ದಿದೆ, ಮುದ್ರೆಯ ಎದುರು ಮೆಟ್ಟಿಲ ಮೇಲೆ ನಮ್ಮಕ್ಕ ಕೂತಿದ್ದಾಳೆ.

ಕಾರ್ಖಾನೆ ಎಂದೊಡನೆ ಹೊಗೆಕೊಳವೆ ಊಹಿಸಿಕೊಳ್ಳಬೇಡಿ. ಒಂದು ಯಂತ್ರ, ಅಕ್ಕ, ಭಾವ, ಇಬ್ಬರು ಕೆಲಸದ ಹೆಂಗಸರು, ಅಷ್ಟೇ. ಮಣಿಯಂಥ ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ, ಉಂಗುರದಂಥ ಸೀಳಿನಿಂದ ಮೇಲಕ್ಕೆ ದೂಡಿ, ಒಳಗೆ ಗಾಳಿ ತುಂಬಿದರೆ ಛಾವಣಿಯವರೆಗೆ ಉದ್ದನೆಯ ಗುಳ್ಳೆ ಏಳುತ್ತದೆ. ಅದು ತಣಿದು, ಎರಡು ಉರುಳೆಗಳ ನಡುವೆ ಚಪ್ಪಟೆಯಾಗಿ, ಸುರುಳಿ ಸುತ್ತಿಕೊಂಡರೆ ಹಾಳೆ. ಗಾಳಿ ಜಾಸ್ತಿಯಾದರೂ ತೆಳು, ಉರುಳೆ ಅವಸರಪಟ್ಟು ಎಳೆದರೂ ತೆಳು. ಆ ಗುಳ್ಳೆಯನ್ನು ಅಕ್ಕ ತೊಟ್ಟಿಲ ಮಗುವಿನಂತೆ ಕಾಯುತ್ತಾಳೆ. ಹತ್ತಿರದಲ್ಲಿ ಸೀನಿದರೆ ಭಾವನಿಗೂ ಬೈಗುಳ ತಪ್ಪಿದ್ದಲ್ಲ.

ಐವತ್ತು ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿಗಿಂತ, ತೆಳುವಾದ ಹಾಳೆ ಕೂಡದು ಎಂಬ ತಮ್ಮ ನಿಯಮದ ಮೇಲೆ ನನಗೆ ತಕರಾರಿಲ್ಲ. ಅಂಥ ತೆಳು ಚೀಲಗಳನ್ನು ನುಂಗಿ ಉಸಿರುಗಟ್ಟಿರುವ ನಮ್ಮ ಬೀದಿಯ ಚರಂಡಿಯೇ ಆ ನಿಯಮದ ಪರ ಸಾಕ್ಷಿ ಹೇಳುತ್ತದೆ. ಅಕ್ಕನೂ ಎಡವಟ್ಟಾಗದಿರಲೆಂದು ಐವತ್ತೆರಡಕ್ಕೇ ಯಂತ್ರ ಹೊಂದಿಸುತ್ತಾಳೆ. ಹೀಗಿರುವಾಗ ತಮ್ಮ ಪರೀಕ್ಷಕರು ಬಂದರು. ನನ್ನ ಹಳೇ ಸೋಫಾಕ್ಕೆ ಹೊದಿಸಲು ತುಂಡು ಹಾಳೆ ಬೇಡಲು ಹೋಗಿದ್ದ ನನಗೆ ಟಾರ್ಚು ಹಿಡಿಯುವ ಗೌರವ ದೊರೆಯಿತು. ಅವರು ದಪ್ಪ ಅಳೆಯುವ ಸ್ಕ್ರೂ ಗೇಜಿನ ಬಾಯಿಗೆ ಹಾಳೆ ಕೊಟ್ಟು, ಅದರ ದಪ್ಪ ಹಿಡಿಕೆಯನ್ನೇ ಹೆಬ್ಬೆರಳಿನಿಂದ ಒತ್ತಿ ಹಿಡಿದು ತಿರುಗಿಸಿದರು.

“ನಲವತ್ತೊಂಬತ್ತು,” ಎಂದರು.

“ಸಾರ್, ಅಲ್ಲಿ ತಿರುಗಿಸ್ಬೇಡಿ. ತುದೀಲಿ ಪುಟ್ಟ ತಿರುಪು ಇದೆಯಲ್ಲ, ಅದ್ರಲ್ಲಿ ತಿರುಗ್ಸಿ. ಕಟಕಟ ಅಂದ್ರೆ ಸಾಕು ಅಂತ ಅರ್ಥ,” ಎಂದಳು ಅಕ್ಕ.

“ನಂಗೇ ಹೇಳ್ಕೊಡ್ತೀಯೇನಮ್ಮಾ? ಇದು ಹಿಡ್ದು ಎಷ್ಟು ವರ್ಷ ಆಯ್ತು ಗೊತ್ತಾ?”

“ಅಷ್ಟೂ ವರ್ಷ ಹೀಗೇ ಹಿಂಡ್ತಾ ಇದ್ದೀರಾ?”

ಪರೀಕ್ಷಕರ ಕಿವಿ ಕೆಂಪಾಯಿತು. ಪಕ್ಕದಲ್ಲೇ ಇನ್ನೊಮ್ಮೆ ಅಳೆದರು. “ನಲವತ್ತೇಳು!”

“ಅದು ಹಾಳೆ ಸಾರ್, ನಿಂಬೆಹಣ್ಣಲ್ಲ.”

“ನಲವತ್ನಾಕು!”

ಭಾವ ಕೈ ಜೋಡಿಸಿದರು, ಪರೀಕ್ಷಕರಿಗಲ್ಲ, ಹೆಂಡತಿಗೆ. “ಸಾಕು ನಿಲ್ಸೇ! ಇನ್ನೆರಡು ಮಾತಾಡಿದ್ರೆ ಹಾಳೆ ಮಾಯಾನೇ ಆಗ್ಬಿಡುತ್ತೆ!”

ವರದಿಯಲ್ಲಿ ನಲವತ್ತನಾಲ್ಕು ಎಂದು ದಾಖಲಾಯಿತು. ಬೀಗ ಬಿತ್ತು.

ಮಾನ್ಯರೇ, ಮಾತಿನ ಪೆಟ್ಟಿಗೆ ಮನುಷ್ಯರು ಸೊರಗುವುದನ್ನು ಕಂಡಿದ್ದೇನೆ, ಹಾಳೆ ಸೊರಗುತ್ತದೆಯೇ? ಆ ಉಪಕರಣ ಅಂದು ಅಳೆದದ್ದು ಪ್ಲಾಸ್ಟಿಕ್ಕನ್ನೋ, ಸಿಟ್ಟನ್ನೋ? ಮೆದುವಾದದ್ದನ್ನು ಹಿಂಡಿದರೆ ತೆಳುವಾಗುತ್ತದೆ ಎಂಬುದನ್ನು ತಿಳಿಯಲು ಕಚೇರಿ ಬೇಕಿಲ್ಲ, ಒಂದು ದಿಂಬು ಸಾಕು. ಆದರೂ ನಾನು ಅಕ್ಕನ ಮನೆಯಲ್ಲಿದ್ದ ಗೇಜು ತಂದು, ಸೋಫಾಕ್ಕೆಂದು ಪಡೆದಿದ್ದ ಅದೇ ಸುರುಳಿಯ ತುಂಡಿನ ಮೇಲೆ ಪ್ರಯೋಗ ನಡೆಸಿದೆ. ನನ್ನ ಮನೆ ಮಾಲೀಕರನ್ನು ನೆನೆಯುತ್ತಾ ಹಿಡಿಕೆ ತಿರುಗಿಸಿದಾಗ ನಲವತ್ತೆಂಟು ಬಂತು. ತುದಿಯ ತಿರುಪಿನಲ್ಲಿ ತಿರುಗಿಸಿದಾಗ ಐವತ್ತೆರಡು. ಮಾಲೀಕರನ್ನು ನೆನೆದರೂ ಐವತ್ತೆರಡೇ, ಅವರ ನಾಯಿಯನ್ನು ನೆನೆದರೂ ಐವತ್ತೆರಡೇ. ಯಾರ ಸಿಟ್ಟೂ ಹಾಳೆಗೆ ತಟ್ಟದಿರಲಿ ಎಂದೇ ಆ ತಿರುಪನ್ನು ಇಟ್ಟಿದ್ದಾರೆ ಸ್ವಾಮಿ. ಸಾಕು ಎನ್ನುವುದು ಒಂದು ಕಬ್ಬಿಣದ ತುಂಡಿಗೆ ಗೊತ್ತಿದೆ. ಕಚೇರಿಗೆ ಗೊತ್ತಾಗುವುದು ಯಾವಾಗ?

ಪರೀಕ್ಷಕರು ಅಳೆದು ಬಿಸುಟ ತುಂಡು ನನ್ನ ಬಳಿ ಇದೆ. ಬೆಳಕಿಗೆ ಹಿಡಿದರೆ ಮೂರು ಗುಂಡನೆಯ ಅಚ್ಚುಗಳು ಕಾಣುತ್ತವೆ, ಒಂದಕ್ಕಿಂತ ಒಂದು ಆಳವಾಗಿ. ಅಕ್ಕನ ಮಾತುಗಳನ್ನು ಕ್ರಮವಾಗಿ ಅದರಲ್ಲೇ ಓದಿಕೊಳ್ಳಬಹುದು. ಅವಳ ನಾಲಿಗೆ ಹರಿತ ಎಂಬುದನ್ನು ತಮ್ಮನಾದ ನಾನು ಅಲ್ಲಗಳೆಯಲಾರೆ. ಚಿಕ್ಕಂದಿನಿಂದ ನನ್ನ ಮೇಲೂ ಅಂಥ ಅಚ್ಚುಗಳಿವೆ. ಆದರೆ ನಾಲಿಗೆಯ ದಪ್ಪಕ್ಕೆ ತಮ್ಮಲ್ಲಿ ನಿಯಮ ಇದ್ದಂತಿಲ್ಲ.

ವಿಚಾರಣೆ ಮುಂದಿನ ತಿಂಗಳಂತೆ. ಹಾಸಿಗೆಗಳಿಗೆ ಹೊದಿಸಲು ಅಕ್ಕನಿಂದ ಹಾಳೆ ಕೊಳ್ಳುವ ಕಂಪನಿಯವರೋ ಈ ವಾರ ಮಾತ್ರ ಕಾಯುತ್ತಾರಂತೆ. ಅವರು ಬೇರೆ ಬಾಗಿಲು ತಟ್ಟಿದರೆ ತಮ್ಮ ಬೀಗ ತೆಗೆದರೂ ಒಂದೇ, ಬಿಟ್ಟರೂ ಒಂದೇ. ಆ ಯಂತ್ರದ ಹಾಳೆಗೆ ಬೇರೆ ಗಿರಾಕಿ ಇಲ್ಲ. ಆದ್ದರಿಂದ ಈ ಶನಿವಾರದೊಳಗೆ ಮರುಪರೀಕ್ಷೆ ಮಾಡಿಸಿ. ಹಾಳೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಹಲವು ಕಡೆ ಅಳೆಯಲಿ, ತುದಿಯ ತಿರುಪಿನಲ್ಲೇ ಅಳೆಯಲಿ. ಆಗಲೂ ತೆಳುವೆಂದು ಬಂದರೆ ಇನ್ನೊಂದು ಬೀಗವನ್ನು ನಾನೇ ತಂದುಕೊಡುತ್ತೇನೆ.

ಕೊನೆಯದಾಗಿ ಒಂದು ಸಣ್ಣ ಉಪಕಾರ. ನಮ್ಮ ಅಡುಗೆಮನೆಯಲ್ಲಿ ಜೇನುತುಪ್ಪದ ಜಾಡಿಯೊಂದರ ಮುಚ್ಚಳ ಕಚ್ಚಿಕೊಂಡು ಕೂತಿದೆ. ನಾನು ಸೋತೆ, ನನ್ನ ಹೆಂಡತಿ ಸೋತಳು, ಪಕ್ಕದ ಮನೆಯ ವ್ಯಾಯಾಮದ ಮೇಷ್ಟ್ರು ಸೋತು ಕೈಗೆ ಪಟ್ಟಿ ಕಟ್ಟಿಕೊಂಡಿದ್ದಾರೆ. ಮರುಪರೀಕ್ಷೆಯ ದಿನ ಆ ಹೆಬ್ಬೆರಳಿನವರನ್ನೂ ಜೊತೆಗೆ ಕಳಿಸಿಕೊಡಿ. ಒಳಗೆ ಬೇರೆಯವರು ಹಾಳೆ ಅಳೆಯುತ್ತಿರಲಿ, ಇವರು ಹೊರಗೆ ಮೆಟ್ಟಿಲ ಮೇಲೆ ಕೂತು ನಾನು ತರುವ ಜಾಡಿಯ ಮುಚ್ಚಳ ತೆಗೆಯಲಿ. ರೇಗಿಸುವುದಕ್ಕೆ ಅಕ್ಕನನ್ನು ಪಕ್ಕದಲ್ಲೇ ಕೂರಿಸಿರುತ್ತೇನೆ.

ಇಂತಿ,
ಅಕ್ಕನ ನಾಲಿಗೆಗೂ ಸರಕಾರದ ಬೆರಳಿಗೂ ನಡುವೆ ಸಿಕ್ಕಿ, ಅಳತೆಗೇ ಸಿಗದಷ್ಟು ತೆಳುವಾಗಿರುವ
ಟಾರ್ಚು ಹಿಡಿದಿದ್ದವನು