ಕತ್ತರಿ ತಾಗದ ರೆಕಾರ್ಡು

ಅಕ್ಟೋಬರ್ ೧೪

ಪ್ರೀತಿಯ ಮಗಳೇ,

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನೀನು ಕಳಿಸಿದ ರೆಕಾರ್ಡು ಬಂದು ಮೂರು ವಾರವಾಯಿತು. ಉತ್ತರ ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಎರಡು ಕಾಗದ ಬರೆದು ಹರಿದು ಹಾಕಿದೆ. ಅವುಗಳಲ್ಲಿದ್ದ ಮಾತನ್ನು ಅಪ್ಪನಾದವನು ಮಗಳಿಗೆ ಆಡಬಾರದು. ಇದರಲ್ಲೂ ಸಿಟ್ಟಿದೆ, ಕೂತುಕೊಂಡು ಓದು.

ಐವತ್ತು ವರ್ಷದ ಹಿಂದಿನ ನಮ್ಮ ವಾದ್ಯವೃಂದದ ಧ್ವನಿಮುದ್ರಣವನ್ನು ನಿಮ್ಮ ಕಂಪನಿ ಮತ್ತೆ ಹೊರತಂದದ್ದು ಸಂತೋಷ. ರೆಕಾರ್ಡು ಹೆಂಚಿನಷ್ಟು ದಪ್ಪ, ಡಬ್ಬಿಯೋ ಒಡವೆ ಇಡುವಂಥದ್ದು. ಪಿಟೀಲುಗಳ ಹಿಂದೆ ಯಾರೋ ಕುರ್ಚಿ ಎಳೆದದ್ದೂ ಕೇಳಿಸುತ್ತದೆ. ಅಲ್ಲಿಗೇ ನಿಲ್ಲಿಸಬಾರದಿತ್ತೇ? ಕವರಿನ ಮೇಲೆ ಅದೇನು ದೊಡ್ಡಸ್ತಿಕೆ: 'ಕತ್ತರಿ ತಾಗದ ಮೂಲ ವಾದನ, ಮೊದಲ ಬಾರಿಗೆ'! ಆ ಕತ್ತರಿ ನನ್ನದು ಕಣಮ್ಮ.

ಟೇಪು ಕತ್ತರಿಸಿ ಅಂಟಿಸುವುದೇ ನನ್ನ ಕೆಲಸವಾಗಿತ್ತು. ಎರಡನೇ ಭಾಗದಲ್ಲಿ ನಿನ್ನ ಅಮ್ಮ ಒಬ್ಬಳೇ ಕೊಳಲು ನುಡಿಸುವ ಕಡೆ ಒಂದು ಸ್ವರ ಜಾರಿತ್ತು. ಬೆಳಗಿನ ತಾಲೀಮಿನ ಟೇಪಿನಿಂದ ಮಾರುದ್ದದ ಚೂರು ತೆಗೆದು ಅಲ್ಲಿ ಕೂರಿಸಿದೆ. ಜಾರಿದ ಚೂರನ್ನು ಲಕೋಟೆಯಲ್ಲಿಟ್ಟು ಆ ಟೇಪಿನ ಡಬ್ಬಿಗೇ ಹಾಕಿದೆ. ಟೇಪು ಎಸೆಯುವ ಅಭ್ಯಾಸ ನಮ್ಮ ಕಸುಬಿನವರಿಗಿಲ್ಲ. ನಿಮ್ಮ ಜಾಣರು ಆ ಲಕೋಟೆ ಹುಡುಕಿ, ನನ್ನ ಅಂಟು ಬಿಡಿಸಿ, ಜಾರಿದ್ದನ್ನೇ ವಾಪಸು ಕೂರಿಸಿದ್ದಾರೆ!

ಫೋನು ಮಾಡಿದರೆ ನಿನ್ನ ಮೇಲಧಿಕಾರಿ, "ಸಾರ್, ನಮ್ಮ ಗಿರಾಕಿಗಳಿಗೆ ಅಸಲಿನೇ ಬೇಕು, ತಪ್ಪಿದ್ರೂ ಪರವಾಗಿಲ್ಲ" ಅಂದ. ತಪ್ಪು ಅವನ ಅಮ್ಮನದಾಗಿದ್ದರೆ ಹೀಗೆ ಹಲ್ಲು ಕಿರಿಯುತ್ತಿದ್ದನೇ? ಹೋಗಲಿ, ನೀನಾದರೂ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? 'ಅಮ್ಮ ನುಡಿಸಿದ್ದು ಹೇಗಿತ್ತೋ ಹಾಗೇ ಇದೆ ಅಪ್ಪಾ' ಅಂತ ಚೀಟಿ ಬೇರೆ! ಲಕ್ಷಗಟ್ಟಲೆ ಸುರಿದು ಸ್ಪೀಕರು ತಂದವರೆಲ್ಲ ಕಾಲು ಚಾಚಿ ಕೂತು ನನ್ನ ಹೆಂಡತಿಯ ತಪ್ಪನ್ನು ಸವಿಯುತ್ತಿದ್ದಾರೆ. ನೆನೆಸಿಕೊಂಡರೆ ಮೈ ಉರಿಯುತ್ತದೆ. ಅಂಗಡಿಗಳಲ್ಲಿ ಉಳಿದದ್ದನ್ನಾದರೂ ವಾಪಸು ತರಿಸು.

ಬೈದೆನೆಂದು ಊಟ ಬಿಡಬೇಡ. ಅಳಿಯಂದಿರಿಗೂ ಮಗುವಿಗೂ ನನ್ನ ಆಶೀರ್ವಾದ. ಇಷ್ಟು ಸಿಟ್ಟಿನ ನಡುವೆಯೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ

ತಾ.ಕ.: ಮೇಲೆ ಬರೆದ ಸಿಟ್ಟಿನಲ್ಲಿ ಮುಕ್ಕಾಲು ನನ್ನ ಮೇಲಿನದು. ಅಮ್ಮ ಮೊದಲ ದಿನವೇ ರೆಕಾರ್ಡು ಕೇಳಿದಳು. ಆ ಜಾಗ ಬಂದಾಗ ಎದ್ದುಹೋಗಿ, ಮುಳ್ಳನ್ನು ಹಿಂದಕ್ಕಿಟ್ಟು ಮೂರು ಸಲ ಕೇಳಿದಳು. ಅಂದು ಮುದ್ರಣ ಮುಗಿಸಿ ಮನೆಗೆ ಬರುವಾಗಲೇ ಅವಳು, "ಅಲ್ಲೊಂದು ಸ್ವರ ಜಾರಿತು ಕಣ್ರೀ" ಅಂದಿದ್ದಳು. "ಇಲ್ಲ ಕಣೇ, ನಿನ್ನ ಭ್ರಮೆ" ಅಂದುಬಿಟ್ಟಿದ್ದೆ. ಆಮೇಲೆ ಆಗಿನ ರೆಕಾರ್ಡು ಬಂದಾಗ, ಕತ್ತರಿಸಿ ಅಂಟಿಸಿದ್ದನ್ನು ಹೇಳದೆ ಹಾಕಿ ತೋರಿಸಿ, ಗೆದ್ದವನ ಹಾಗೆ ನಕ್ಕೆ. ಆ ವರ್ಷವೇ ಅವಳು ವಾದ್ಯವೃಂದ ಬಿಟ್ಟಳು, ಮತ್ತೆ ಕೊಳಲು ಮುಟ್ಟಲಿಲ್ಲ. ಏಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಹೇಳಿದಳು: "ನನ್ನ ಕಿವಿ ಕೆಟ್ಟುಹೋಯ್ತು ಅಂದ್ಕೊಂಡು ಬಿಟ್ಟೆ. ಸರಿಯಾಗೇ ಇತ್ತಲ್ರೀ." ಅದಾದ ಮೇಲೆ ನನ್ನ ಹತ್ತಿರ ಮಾತಾಡಿಲ್ಲ.