ಶಿಖಾಳ ಕೋಣೆಯಲ್ಲಿ ಗಂಡಸಿನ ಸ್ವರ

ಮುಳ್ಳೇರಿಯ
8-7-2019, ಸೋಮವಾರ

ಪ್ರೀತಿಯ ಮಗ ವಿಘ್ನೇಶನಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಹೇಗಿದ್ದೀ ಮಗ? ಲಡಾಖಿನ ಚಳಿಗೆ ಕಾಲಿನ ಬೆರಳು ಬಿರಿಯುತ್ತದೆ ಎಂದಿದ್ದೀಯಲ್ಲ, ಕಡಿಮೆಯಾಯಿತೇ? ಅಪ್ಪನ ಮೊಣಕಾಲು ನೋವು ಇದ್ದ ಹಾಗೇ ಉಂಟು. ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ನಿನಗೆ ಅನಿಸಬಹುದು. ನೀನು ಫೋನು ಮಾಡುವಾಗ ಶಿಖಾಳೂ ಅಪ್ಪನೂ ಪಕ್ಕದಲ್ಲೇ ಇರುತ್ತಾರೆ. ಅವರ ಎದುರು ಇದನ್ನು ಹೇಳಲಿಕ್ಕಾಗುವುದಿಲ್ಲ.

ವಿಷಯ ಅವಳದ್ದೇ. ನೀನು ಅವಳನ್ನು ಮದುವೆಯಾಗಿ ಭೋಪಾಲದಿಂದ ಕರೆತಂದು, ಹದಿನೈದು ದಿನ ಇದ್ದು, ಡ್ಯೂಟಿಗೆ ಹೋಗಿ ಏಳು ತಿಂಗಳಾಯಿತು. ಹುಡುಗಿ ಹೇಳಿದ ಕೆಲಸ ಮಾಡುತ್ತಾಳೆ, ಬಡಿಸಿದ್ದು ಉಣ್ಣುತ್ತಾಳೆ, ಮತ್ತೆ ಕೋಣೆ ಸೇರುತ್ತಾಳೆ. ಹೋದ ತಿಂಗಳು ಆಚೆ ಮನೆಯ ಅಮ್ಮಣ್ಣಿ ಬೇಲಿಯ ಹತ್ತಿರ ನನ್ನನ್ನು ಕರೆದು, “ನಿಮ್ಮ ಸೊಸೆಯ ಕೋಣೆಯಲ್ಲಿ ಮಧ್ಯಾಹ್ನ ಗಂಡಸಿನ ಸ್ವರ ಕೇಳ್ತದಲ್ಲ ಪ್ರೇಮಕ್ಕ, ಎಂತ ಸಂಗತಿ?” ಎಂದಳು. ಅಪ್ಪನಿಗೆ ಹೇಳಲಿಲ್ಲ. ಮಾರನೆಯ ದಿನ ಅಂಗನವಾಡಿಯಿಂದ ಬೇಗ ಬಂದು, ನಾಚಿಕೆ ಬಿಟ್ಟು ಅವಳ ಬಾಗಿಲಿಗೆ ಕಿವಿ ಕೊಟ್ಟೆ. ಒಳಗೆ ಒಬ್ಬ ಗಂಡಸು ಹಿಂದಿಯಲ್ಲಿ ಕ್ಷಮೆ ಕೇಳುತ್ತಿದ್ದ. ಬಾಗಿಲು ದೂಡಿದೆ. ಅವಳೊಬ್ಬಳೇ ಮಂಚದಲ್ಲಿ ಕುಳಿತಿದ್ದಳು. ಮೊಬೈಲಿನಲ್ಲಿ ಹಿಂದಿಗೆ ಡಬ್ ಮಾಡಿದ ಧಾರಾವಾಹಿ, ಕೊರಿಯಾದ ಹುಡುಗನೊಬ್ಬ ಹುಡುಗಿಯ ಎದುರು ಮಳೆಯಲ್ಲಿ ನೆನೆದುಕೊಂಡು ನಿಂತಿದ್ದ.

ಅವಳು ಹೆದರಿ ಎದ್ದಳು. ನನಗೆ ನೆಲ ಬಿರಿಯಬಾರದೇ ಅನಿಸಿತು. ಅಲ್ಲೇ ಕುಳಿತು, ಹಿಂದೆ ಪ್ರಥಮಾ ಪರೀಕ್ಷೆಗೆ ಕಲಿತ ಹಿಂದಿಯಲ್ಲಿ ಅದು ಎಂತ ಕಥೆ ಎಂದು ಕೇಳಿದೆ. ಅರ್ಧ ಗಂಟೆ ಹೇಳಿದಳು ಮಗ. ಏಳು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಅಂಗಡಿಯಲ್ಲಿ ದುಡಿಯುವ ಹುಡುಗಿ, ಸೊಕ್ಕಿನ ಯಜಮಾನ. ಕೈ ಹಿಡಿಯುವ ಮೊದಲು ಹತ್ತು ಕಂತು ಬರೀ ಜಗಳ. ನನಗೂ ನಗು ಬಂತು. ಹಿಂದಿಯಲ್ಲೇ ಬೇಕಾದಷ್ಟು ಧಾರಾವಾಹಿಗಳಿರುವಾಗ ಈ ದೂರದವರದ್ದು ಯಾಕೆ ಎಂದು ಕೇಳಿದೆ. ನಮ್ಮದರಲ್ಲಿ ಅತ್ತೆ ಸೊಸೆ ಒಡವೆ ಹಾಕಿಕೊಂಡು ಹೊಂಚುವುದೇ ಆಯಿತು, ಇವರು ನೆಲದಲ್ಲಿ ಕುಳಿತು ಒಟ್ಟಿಗೆ ಉಣ್ಣುತ್ತಾರೆ, ತಾಯಿ ಬೈಯುತ್ತಾ ಬೈಯುತ್ತಾ ಬಡಿಸುತ್ತಾಳೆ, ನಮ್ಮ ಭೋಪಾಲದ ಮನೆಯ ಹಾಗೇ ಎಂದಳು. ಮತ್ತೆ, “ಮಾಜೀ, ಅವನು ಅವಳ ಮಾತು ಮುಗಿಯುವವರೆಗೆ ಕಾಯುತ್ತಾನೆ” ಎಂದಳು. ಈ ಮನೆಯಲ್ಲಿ ಎಲ್ಲರೂ ನಗುವಾಗ ಯಾವುದಕ್ಕೆ ಎಂದು ಅವಳಿಗೆ ಗೊತ್ತಾಗುವುದಿಲ್ಲವಂತೆ.

ನಾವು ಕನ್ನಡ, ತುಳು, ಮಲಯಾಳ ಎಂದು ಮೂರು ಭಾಷೆಯಲ್ಲಿ ಹರಟುತ್ತೇವೆ, ಅವಳಿಗೆ ಮೂರೂ ಒಂದೇ ಗದ್ದಲ. ನೀನು ಫೋನು ಮಾಡಿದರೆ ನನ್ನಲ್ಲಿ ಕರಿಮೆಣಸಿನ ರೋಗದ ಬಗ್ಗೆ ಹತ್ತು ನಿಮಿಷ, ಅವಳಲ್ಲಿ ‘ಠೀಕ್ ಹೋ?’ ಎಂದು ಕೇಳಿ ಇಟ್ಟುಬಿಡುತ್ತೀ. ಬೈಯುತ್ತಿಲ್ಲ ಮಗ. ನಾನೂ ಅವಳನ್ನು ಏನೂ ಕೇಳಿರಲಿಲ್ಲ.

ಆಮೇಲೆ ದಿನಾ ಅವಳ ಜೊತೆ ಕುಳಿತು ನೋಡಿದೆ. ಮೊನ್ನೆ ಶುಕ್ರವಾರ ಕಥೆ ಮುಗಿಯಿತು, ಅವರಿಬ್ಬರ ಮದುವೆಯಾಯಿತು. ನಾನು ಸಂತೋಷದಲ್ಲಿ ಅವಳ ಮುಖ ನೋಡಿದರೆ, ಅವಳು ಮೊಬೈಲಿನಲ್ಲಿ ಭೋಪಾಲದ ರೈಲು ಟಿಕೆಟ್ ತೋರಿಸಿದಳು. ಹೋಗುವುದಕ್ಕೆ ಮಾತ್ರ, ಬರುವುದಕ್ಕೆ ಇಲ್ಲ. ನಿನಗೆ ಹೇಳಬೇಡಿ ಎಂದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅವತ್ತಿನಿಂದ ನಿದ್ದೆ ಹತ್ತುವುದಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅಪ್ಪ ನಿನ್ನನ್ನು ವಿಚಾರಿಸಿದ್ದಾರೆ. ತಲೆಗೆ ಉಣ್ಣೆ ಟೊಪ್ಪಿ ತಪ್ಪಿಸಬೇಡ. ದೇವರು ನಿನ್ನನ್ನು ಕಾಯಲಿ.

ಇತಿ,
ನಿನ್ನ ಅಮ್ಮ
ಪ್ರೇಮಾವತಿ

ವಿ.ಸೂ.: ಟಿಕೆಟ್ ಇಪ್ಪತ್ತೈದನೇ ತಾರೀಕು ಗುರುವಾರದ್ದು. ಇವತ್ತು ಬೆಳಿಗ್ಗೆ ಕಾಸರಗೋಡು ಸ್ಟೇಷನ್ನಿಗೆ ಹೋಗಿ ಅದೇ ಗಾಡಿಗೆ ನನ್ನದೂ ಒಂದು ಮಾಡಿಸಿದೆ. ಅವಳನ್ನು ತಡೆಯುವುದಕ್ಕಲ್ಲ. ನಾನು ಮನೆ ತುಂಬಿಸಿಕೊಂಡ ಮಗಳು ಒಬ್ಬಳೇ ಅಳುತ್ತಾ ತವರಿಗೆ ಹೋಗುವುದು ಬೇಡ. ಹತ್ತು ದಿನ ಅವಳ ತಾಯಿಯ ಮನೆಯಲ್ಲಿರುತ್ತೇನೆ. ಹೇಗಾದರೂ ಮಾಡಿ ರಜೆ ಕೇಳು. ಸಿಕ್ಕಿದರೆ ಇಲ್ಲಿಗೆ ಬರಬೇಡ, ನೇರ ಭೋಪಾಲಕ್ಕೆ ಬಾ.